ಅಂಟುವಾಳದ ಮರ, ಲಾವಂಚದ ಬುಡ

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ರೇಷ್ಮೆ ಸೀರೆಗೆ ಸೋಪು ಮುಟ್ಟಿಸಿದವರಿಲ್ಲ. ಅವ್ವ ಅಂಟುವಾಳದ ಬೀಜ ತೆಗೆದು, ಸಿಪ್ಪೆ ನೆನೆಹಾಕಿ, ಬೆಳಗ್ಗೆ ಕಿವುಚುತ್ತಿದ್ದಳು. ಆ ನೊರೆಗೆ ಜರಿ ಮಾಸುತ್ತಿರಲಿಲ್ಲ.

1956ರವರೆಗೆ ಕೊಳ್ಳೇಗಾಲ, ಹನೂರು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದವು; ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಸಂದ ಮೈಸೂರಿನ ಜಹಗೀರು. ಆಳುವವರು ಬೇರೆಯಾದರೂ ಅಂಟುವಾಳದ ಕಾಯಿ ಬರುತ್ತಿದ್ದುದು ಸೋಲಿಗ ಬುಡಕಟ್ಟಿನವರ ಕಾಡಿನಿಂದಲೇ. ಬಿಳಿಗಿರಿರಂಗನ ಬೆಟ್ಟದಲ್ಲಿ ಅದನ್ನು ಆರಿಸುವ ಅವರ ಹಕ್ಕಿಗೆ ಕಾನೂನಿನ ಮನ್ನಣೆ ಸಿಕ್ಕಿದ್ದು 2011ರಲ್ಲಿ. ಇಷ್ಟು ತಡವಾಯಿತಲ್ಲ ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ನಮ್ಮ ಬಚ್ಚಲ ನೀರು ಹರಿಯುವಲ್ಲಿ ಲಾವಂಚವಿತ್ತು. ಅದರ ಬೇರು ಅಡ್ಡ ಹರಡದೆ ನೇರ ಕೆಳಗಿಳಿದು ಮಣ್ಣು ಹಿಡಿಯುತ್ತದೆ. ಬೇಸಿಗೆಯಲ್ಲಿ ಮಡಕೆಯ ನೀರಿಗೆ ಕಂಪು ಕೊಡುತ್ತದೆ. ನೆರೆಯ ಗುಂಡ್ಲುಪೇಟೆಯ ರೈತರು ತಲೆಮಾರುಗಳಿಂದ ಇದನ್ನೇ ಹೊಲದ ಗಡಿಗೆ ನೆಟ್ಟಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಉಳಿಸಲು ಈ ಹುಲ್ಲನ್ನೇ ಹಲವು ದೇಶಗಳಿಗೆ ಒಯ್ದರು.

ಹಿತ್ತಲಿಗೆ ಯಾವುದು ಮೇಲು? ಅಂಟುವಾಳ ಕಾಯಿ ಬಿಡಲು ವರ್ಷಗಟ್ಟಲೆ ಕಾಯಿಸುತ್ತದೆ, ಆದರೆ ಮೊಮ್ಮಕ್ಕಳಿಗೂ ನೆರಳಾಗುತ್ತದೆ. ಲಾವಂಚ ಒಂದೂವರೆ ವರ್ಷದಲ್ಲೇ ಬೇರು ಕೊಡುತ್ತದೆ. ಜಾಗ ಚಿಕ್ಕದಾದರೆ ಹುಲ್ಲು ಸಾಕು. ಮೂಲೆಯೊಂದು ಖಾಲಿಯಿದ್ದರೆ ಮರವನ್ನೂ ನೆಡಿ. ನಾನು ಎರಡನ್ನೂ ನೆಟ್ಟಿದ್ದೇನೆ; ಅವ್ವನ ಸೀರೆ ಇನ್ನೂ ಪೆಟ್ಟಿಗೆಯಲ್ಲಿದೆ.