ಚರ್ಚಿನ ಅಂಗಳದಿಂದ ಊರಿನ ಬೀದಿಗೆ

ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಪ್ರತಿ ವರ್ಷ ಆಗಸ್ಟ್ 29ರಂದು ಧ್ವಜವೇರುತ್ತದೆ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ತೇರು ಬೀದಿಗೆ ಬರುತ್ತದೆ. ಕಾವಿ ಬಣ್ಣದ ಬಟ್ಟೆ ತೊಟ್ಟು ಹರಕೆ ಹೊತ್ತವರು, ಮೇಣದ ಬತ್ತಿ ಹಿಡಿದ ಹೆಂಗಸರು, ರಸೆಲ್ ಮಾರುಕಟ್ಟೆಯ ವ್ಯಾಪಾರಿಗಳು, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಿಂದ ಬಂದ ಸಂಸಾರಗಳು ಎಲ್ಲರೂ ಅಲ್ಲಿ ಸೇರುತ್ತಾರೆ. ಅವರಲ್ಲಿ ಕ್ರೈಸ್ತರಲ್ಲದವರೂ ಬಹಳ. 2025ರ ಹಬ್ಬದಲ್ಲಿ ಭಾಗವಹಿಸಿದ್ದ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಶಿವಾಜಿನಗರದ ಮೆಟ್ರೊ ನಿಲ್ದಾಣಕ್ಕೆ ಸಂತ ಮೇರಿಯ ಹೆಸರಿಡಲು ಕೇಂದ್ರಕ್ಕೆ ಶಿಫಾರಸು ಮಾಡುವುದಾಗಿ ಹೇಳಿದರು. ಕೂಡಲೇ ವಿವಾದ ಎದ್ದಿತು. ಶಿವಾಜಿಗೆ ಅವಮಾನವಾಯಿತೆಂದು ಕೆಲವರು ಆಕ್ಷೇಪಿಸಿದರೆ, ನಟ ಶಂಕರ್‌ನಾಗ್ ಅವರ ಹೆಸರಿಡಬೇಕೆಂಬ ಬೇಡಿಕೆಯೂ ಕೇಳಿಬಂತು.

ಹಬ್ಬ, ಸಿನಿಮಾ, ಮೆಟ್ರೊ, ಮತ ಎಲ್ಲವೂ ಒಂದೇ ಬೀದಿಯಲ್ಲಿ ಎದುರಾದಾಗ, ಸಣ್ಣ ಸಂಖ್ಯೆಯ ಒಂದು ಧಾರ್ಮಿಕ ಸಮುದಾಯ ಹೇಗೆ ನಡೆದುಕೊಳ್ಳಬೇಕು? ತನ್ನ ಪಾಡಿಗೆ ತಾನಿರಬೇಕೆ? ಸಿಕ್ಕ ಮನ್ನಣೆಯನ್ನು ಬಾಚಿಕೊಳ್ಳಬೇಕೆ? ಅಥವಾ ಊರಿನ ಬಾಳಿನಲ್ಲಿ ಪಾಲುಗೊಳ್ಳುತ್ತಲೇ ಅದನ್ನು ವಿವೇಚಿಸಿ ನೋಡಬೇಕೆ? ಈ ಪ್ರಶ್ನೆ ಇಂದು ಹುಟ್ಟಿದ್ದಲ್ಲ. ಸ್ವಾತಂತ್ರ್ಯಾನಂತರದ ಭಾರತದಲ್ಲಿ ಇದನ್ನು ಆಳವಾಗಿ ಚರ್ಚಿಸಿದ ಜಾಗಗಳಲ್ಲಿ ಬೆಂಗಳೂರಿನ ದಂಡು ಪ್ರದೇಶವೂ ಅದರ ಪೂರ್ವದ ಬಡಾವಣೆಗಳೂ ಮುಖ್ಯವಾದವು.

ಇದಕ್ಕೆ ಕಾರಣ ಇತಿಹಾಸದಲ್ಲಿದೆ. 1809ರಲ್ಲಿ ಬ್ರಿಟಿಷರು ತಮ್ಮ ಸೇನೆಯನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದು ಹಲಸೂರಿನ ಬಳಿ ನೆಲೆಗೊಳಿಸಿದರು. ಸೇನೆಯ ಹಿಂದೆಯೇ ತಮಿಳು ಸೀಮೆಯಿಂದ ಕೂಲಿಗಳು, ಅಡುಗೆಯವರು, ಸಣ್ಣ ವ್ಯಾಪಾರಿಗಳು ಬಂದರು. ಅವರಲ್ಲಿ ಅನೇಕರು ಕ್ರೈಸ್ತರು. ಹೀಗೆ ಕೆಂಪೇಗೌಡರ ಪೇಟೆ ಒಂದು ಕಡೆ, ದಂಡು ಇನ್ನೊಂದು ಕಡೆ ಎಂಬಂತೆ ಎರಡು ಊರುಗಳಾದವು. ಮೊದಲನೆಯದು ಮೈಸೂರು ಸಂಸ್ಥಾನದ್ದು, ಎರಡನೆಯದರ ಆಡಳಿತ ಬ್ರಿಟಿಷರದು. ದಂಡು ಪ್ರದೇಶ ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ. ಎರಡೂ ಸೇರಿ ಒಂದೇ ನಗರಸಭೆಯಾದದ್ದು 1949ರಲ್ಲಿ.

ಬೇರೆಯಾಗಿಯೇ ಬದುಕುವ ಆಸೆಗೆ ಒಂದು ಒಳ್ಳೆಯ ಉದಾಹರಣೆ ವೈಟ್‌ಫೀಲ್ಡ್. ಶಿವಾಜಿನಗರದ ಈಗಿನ ಗಾಥಿಕ್ ಶೈಲಿಯ ದೇವಾಲಯ ಪ್ರತಿಷ್ಠೆಯಾದ 1882ರಲ್ಲೇ, ಕೃಷ್ಣರಾಜಪುರದ ಆಚೆ ಡಿ.ಎಸ್. ವೈಟ್ ಅವರ ಮುಂದಾಳತ್ವದಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ಒಂದು ಕೃಷಿ ವಸಾಹತು ಆರಂಭವಾಯಿತು. ಭೂಮಿ ಕೊಟ್ಟವರು ಹತ್ತನೇ ಚಾಮರಾಜ ಒಡೆಯರು. ಅತ್ತ ಆಳುವವರಿಗೂ ಇತ್ತ ಊರಿನವರಿಗೂ ಪೂರ್ತಿ ಸೇರದ ಜನ ತಮ್ಮದೇ ನೆಲದಲ್ಲಿ ಸ್ವಾವಲಂಬಿಗಳಾಗಿ ಬಾಳಬೇಕೆಂಬುದು ಅದರ ಉದ್ದೇಶ. ಆದರೆ ವಸಾಹತು ನಿರೀಕ್ಷೆಯಂತೆ ಬೆಳೆಯಲಿಲ್ಲ.

ಸ್ವಾತಂತ್ರ್ಯದ ಹೊತ್ತಿಗೆ ಪ್ರಶ್ನೆಯ ಸ್ವರೂಪ ಬದಲಾಯಿತು. 1949ರ ಮೇ ತಿಂಗಳಲ್ಲಿ ಸಂವಿಧಾನ ರಚನಾ ಸಭೆಯು ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂದು ತೀರ್ಮಾನಿಸಿತು. ಇದಕ್ಕೆ ಒತ್ತಾಸೆಯಾಗಿ ನಿಂತವರಲ್ಲಿ ಬಂಗಾಳದ ಎಚ್.ಸಿ. ಮುಖರ್ಜಿ ಪ್ರಮುಖರು. ಮಂಗಳೂರಿನಲ್ಲಿ ಹುಟ್ಟಿದ ಜೆಸ್ಯೂಟ್ ಪಾದ್ರಿ ಜೆರೋಮ್ ಡಿಸೋಜ ಅವರೂ ಆ ಸಭೆಯ ಸದಸ್ಯರಾಗಿದ್ದರು. ಮೀಸಲು ಸ್ಥಾನ ಬಿಟ್ಟುಕೊಟ್ಟ ಮೇಲೆ ಉಳಿಯುವ ದಾರಿ ಒಂದೇ: ಎಲ್ಲರ ನಡುವೆ, ಎಲ್ಲರೊಂದಿಗೆ ರಾಜಕೀಯ ಮಾಡುವುದು. ಅದನ್ನು ಮಾಡುವುದು ಹೇಗೆಂಬುದು ಮಾತ್ರ ಯಾರಿಗೂ ಸ್ಪಷ್ಟವಿರಲಿಲ್ಲ.

ಈ ಕೊರತೆಯನ್ನು ತುಂಬಲು ಹೊರಟವರಲ್ಲಿ ಮೊದಲಿಗರು ಬೆನ್ಸನ್ ಟೌನ್ ಪಕ್ಕದ ಮಿಲ್ಲರ್ಸ್ ರಸ್ತೆಯ ಚಿಂತಕರು. ಹಲವು ಪ್ರಾಟೆಸ್ಟೆಂಟ್ ಮಿಷನ್‌ಗಳು ಕೂಡಿ 1910ರಲ್ಲಿ ಸ್ಥಾಪಿಸಿದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಆ ರಸ್ತೆಯಲ್ಲಿದೆ. ಅಲ್ಲಿ ವರ್ಷಗಟ್ಟಲೆ ಪಾಠ ಹೇಳಿದ್ದ ಪಿ.ಡಿ. ದೇವನಂದನ್ ಅವರು 1957ರಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಒಂದು ಕ್ರೈಸ್ತ ಸಂಸ್ಥೆಯನ್ನು ಕಟ್ಟಿದರು. ಎಂ.ಎಂ. ಥಾಮಸ್ ಅವರು ಅವರ ಜೊತೆಗಾರರು. ಕೇರಳದ ಮಾರ್ ತೋಮಾ ಸಭೆಗೆ ಸೇರಿದ ಥಾಮಸ್ ತಾರುಣ್ಯದಲ್ಲಿ ಪಾದ್ರಿ ದೀಕ್ಷೆಯನ್ನೂ ಕೇಳಿದ್ದರು, ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವವನ್ನೂ ಕೇಳಿದ್ದರು. ಕಮ್ಯುನಿಸ್ಟ್ ಒಲವಿನವರೆಂದು ಚರ್ಚು ಒಲ್ಲೆ ಎಂದಿತು; ಕ್ರೈಸ್ತರೆಂದು ಪಕ್ಷ ಒಲ್ಲೆ ಎಂದಿತು. ಕೊನೆಯವರೆಗೂ ಅವರು ಪಾದ್ರಿಯಾಗದ ವಿಶ್ವಾಸಿಯಾಗಿಯೇ ಉಳಿದರು.

ಈ ಇಬ್ಬರ ವಾದ ಸರಳವಾಗಿತ್ತು. ಪಂಚವಾರ್ಷಿಕ ಯೋಜನೆ, ಭೂಸುಧಾರಣೆ, ಚುನಾವಣೆ, ನಗರೀಕರಣ ಇವೆಲ್ಲ ಚರ್ಚಿಗೆ ಹೊರಗಿನ ಸಂಗತಿಗಳಲ್ಲ. ಮನುಷ್ಯನ ಘನತೆ ಎಲ್ಲಿ ಪಣಕ್ಕಿದೆಯೋ ಅಲ್ಲಿ ಕ್ರೈಸ್ತನಿಗೆ ಕೆಲಸವಿದೆ. ಆ ಕೆಲಸವನ್ನು ಹಿಂದೂ, ಮುಸ್ಲಿಂ, ನಾಸ್ತಿಕರ ಜೊತೆಗೂಡಿಯೇ ಮಾಡಬೇಕು. ರಾಷ್ಟ್ರನಿರ್ಮಾಣದಲ್ಲಿ ಕ್ರೈಸ್ತರ ಪಾಲ್ಗೊಳ್ಳುವಿಕೆಯ ಬಗ್ಗೆ ಅವರು ನಡೆಸಿದ ಸಾಮೂಹಿಕ ಅಧ್ಯಯನ 1960ರಲ್ಲಿ ಪುಸ್ತಕವಾಗಿ ಬಂತು. 1962ರಲ್ಲಿ ದೇವನಂದನ್ ತೀರಿಕೊಂಡ ಮೇಲೆ ಥಾಮಸ್ ಸಂಸ್ಥೆಯ ನಿರ್ದೇಶಕರಾದರು. ರಾಮಮೋಹನ ರಾಯ್‌, ವಿವೇಕಾನಂದ, ಗಾಂಧೀಜಿಯಂತಹವರು ಕ್ರಿಸ್ತನನ್ನು ಹೇಗೆ ಕಂಡರು, ಅದರಿಂದ ಕ್ರೈಸ್ತರು ಏನು ಕಲಿಯಬೇಕು ಎಂದು ಅವರು 1969ರಲ್ಲಿ ಒಂದು ಗ್ರಂಥವನ್ನೇ ಬರೆದರು. ಬೇರೆಯವರಿಗೆ ಬೋಧಿಸುವ ಮೊದಲು ಬೇರೆಯವರ ಮಾತನ್ನು ಕೇಳಬೇಕೆಂಬ ಈ ಕ್ರಮ ಆ ಕಾಲಕ್ಕೆ ಹೊಸದು. ಬೇರೆಯಾಗಿರಲೆಂದು ಕಟ್ಟಿದ ವೈಟ್‌ಫೀಲ್ಡಿನಲ್ಲೇ 1963ರಲ್ಲಿ ಎಂ.ಎ. ಥಾಮಸ್ ಅವರು ಎಲ್ಲ ಪಂಗಡದವರೂ ಕೂತು ಮಾತಾಡುವ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ತೆರೆದದ್ದು ಕಾಲ ತಿರುಗಿದ್ದಕ್ಕೆ ಸಾಕ್ಷಿ.

ಕಥೊಲಿಕರಲ್ಲಿ ಬದಲಾವಣೆಯ ಗಾಳಿ ಎರಡನೇ ವ್ಯಾಟಿಕನ್ ಮಹಾಸಭೆಯಿಂದ (1962-65) ಬೀಸಿತು. ಅಲ್ಲಿಯವರೆಗೆ ಬಲಿಪೂಜೆ ನಡೆಯುತ್ತಿದ್ದುದು ಲ್ಯಾಟಿನ್‌ನಲ್ಲಿ. ಪೂಜೆಯಲ್ಲಿ ಜನರ ಭಾಷೆ ಬಳಸಲು 1963ರಲ್ಲಿ ಮಹಾಸಭೆ ಅನುಮತಿ ಕೊಟ್ಟಿತು. ನಾಲ್ಕು ವರ್ಷಗಳ ನಂತರ, ನಗರದ ಪೂರ್ವ ಭಾಗದ ಹಚಿನ್ಸ್ ರಸ್ತೆಯಲ್ಲಿ ಎನ್‌ಬಿಸಿಎಲ್‌ಸಿ ಎಂದು ಹೆಸರಾದ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಅದರ ರೂವಾರಿ ಡಿ.ಎಸ್. ಅಮಲೋರ್‌ಪವದಾಸ್. 1969ರಲ್ಲಿ ರೋಮ್‌ನಿಂದ ಒಪ್ಪಿಗೆ ಪಡೆದ ಹನ್ನೆರಡು ಅಂಶಗಳ ಪ್ರಕಾರ ಚಪ್ಪಲಿ ಕಳಚಿ ನೆಲದ ಮೇಲೆ ಕುಳಿತು ಪ್ರಾರ್ಥಿಸಬಹುದು, ಮೊಣಕಾಲೂರುವ ಬದಲು ಕೈಮುಗಿದು ಬಾಗಬಹುದು, ಮೇಣದ ಬತ್ತಿಯ ಬದಲು ಎಣ್ಣೆಯ ದೀಪ ಹಚ್ಚಬಹುದು, ಆರತಿ ಎತ್ತಬಹುದು. ಚಿತ್ರಕಾರ ಜ್ಯೋತಿ ಸಾಹಿಯಂತಹವರು ಕ್ರಿಸ್ತನ ಕಥೆಗೆ ಈ ನೆಲದ ರೂಪ ಕೊಡಲು ತೊಡಗಿದರು. ಅಮಲೋರ್‌ಪವದಾಸ್ ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನ ವಿಭಾಗವನ್ನು ಬೆಳೆಸಿ, 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಇದು ಎಲ್ಲರಿಗೂ ಹಿಡಿಸಲಿಲ್ಲ. ಇದು ನಮ್ಮ ಪೂಜೆಯಲ್ಲ ಎಂದು ಮುನಿಸಿಕೊಂಡ ಸಂಪ್ರದಾಯಸ್ಥರಿದ್ದರು. ಆದರೆ ಹೆಚ್ಚು ಗಟ್ಟಿಯಾದ ಆಕ್ಷೇಪ ಬಂದದ್ದು ಇನ್ನೊಂದು ದಿಕ್ಕಿನಿಂದ. 1981ರ ಏಪ್ರಿಲ್‌ನಲ್ಲಿ ಮಿಲ್ಲರ್ಸ್ ರಸ್ತೆಯ ಅದೇ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಅವರು ಶೂದ್ರ ದೇವತಾಶಾಸ್ತ್ರದ ಕಡೆಗೆ ಎಂಬ ವಿಷಯದ ಮೇಲೆ ಉಪನ್ಯಾಸ ಮಾಡಿದರು. ದಲಿತ ದೇವತಾಶಾಸ್ತ್ರ ಎಂಬ ಚಿಂತನಾಧಾರೆಗೆ ಅದು ನಾಂದಿಯಾಯಿತು. ಅದು ಕೇಳಿದ್ದು ಇಷ್ಟೇ: ಭಾರತೀಯ ಸಂಸ್ಕೃತಿ ಎಂದು ನೀವು ಒಳಕ್ಕೆ ತರುತ್ತಿರುವುದು ಯಾರ ಸಂಸ್ಕೃತಿ? ಭಾರತದ ಕ್ರೈಸ್ತರಲ್ಲಿ ಬಹುಪಾಲು ಜನ ದಲಿತ ಮೂಲದವರು. ಅವರ ತಮಟೆ, ಅವರ ಹಾಡು, ಅವರ ಅವಮಾನದ ನೆನಪು ಚರ್ಚಿನೊಳಗೆ ಬಾರದೆ, ಅವರನ್ನು ಹೊರಗಿಟ್ಟ ಶಾಸ್ತ್ರಗಳ ಭಾಷೆ ಮಾತ್ರ ಬಂದರೆ ಆಗುವ ನ್ಯಾಯವೇನು?

ಪ್ರಶ್ನೆ ತಾತ್ವಿಕವಾದದ್ದು ಮಾತ್ರವಲ್ಲ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ಆ ಬಾಗಿಲು ತೆರೆದಿಲ್ಲ. ಚರ್ಚು ಇದನ್ನು ಸರ್ಕಾರದ ಮುಂದೆ ಪ್ರಶ್ನಿಸುವಾಗ, ತನ್ನೊಳಗೇ ಉಳಿದ ಜಾತಿಯನ್ನೂ ಪ್ರಶ್ನಿಸಿಕೊಳ್ಳಬೇಕಾಗುತ್ತದೆ ಎಂಬುದು ನಿರ್ಮಲ್ ಅವರ ದಾರಿಯಲ್ಲಿ ನಡೆದವರ ನಿಲುವು.

ವಿವೇಚನೆಯ ನಿಜವಾದ ಪರೀಕ್ಷೆ ನಡೆದದ್ದು ತುರ್ತು ಪರಿಸ್ಥಿತಿಯಲ್ಲಿ. 1975ರ ಜೂನ್‌ನಲ್ಲಿ ಅದು ಜಾರಿಯಾದಾಗ ಚರ್ಚ್ ಮುಖಂಡರಲ್ಲಿ ಅನೇಕರು ಮೌನ ವಹಿಸಿದರು. ಶಾಲೆ, ಆಸ್ಪತ್ರೆಗಳನ್ನು ನಡೆಸುವವರಿಗೆ ಸರ್ಕಾರದ ಮುನಿಸು ದುಬಾರಿಯಾಗಬಹುದು. ಎಂ.ಎಂ. ಥಾಮಸ್ ಸುಮ್ಮನಿರಲಿಲ್ಲ. ಆಗ ಅವರು ಬರೆದ ವಿರೋಧದ ಲೇಖನಗಳು 1979ರಲ್ಲಿ ಪುಸ್ತಕವಾದವು. 1990ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರಾದಾಗಲೂ ಅವರ ಸ್ವಭಾವ ಬದಲಾಗಲಿಲ್ಲ. ಮುಖ್ಯಮಂತ್ರಿಯ ಸಲಹೆಯಂತೆ, ಕೇಂದ್ರವನ್ನು ಕೇಳದೆ ವಿಧಾನಸಭೆ ವಿಸರ್ಜಿಸಿ 1992ರಲ್ಲಿ ಹುದ್ದೆ ಕಳೆದುಕೊಂಡರು.

ಆ ದಿನಗಳಲ್ಲಿ ಹೆಚ್ಚು ಬೆಲೆ ತೆತ್ತವರು ಚರ್ಚಿನ ಪೀಠಗಳಿಂದ ದೂರವಿದ್ದವರು. ಬೆಂಗಳೂರಿನ ಸಂತ ಪೀಟರರ ಗುರುಮಠದಲ್ಲಿ ಪಾದ್ರಿಯಾಗಲು ಕಲಿತು, ಅಲ್ಲಿನ ಗುರುಗಳಿಗೂ ವಿದ್ಯಾರ್ಥಿಗಳಿಗೂ ಇದ್ದ ಅಂತರಕ್ಕೆ ಬೇಸತ್ತು ಹೊರಬಂದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದರು. ಅವರ ಸುಳಿವಿಗಾಗಿ ಪೊಲೀಸರು ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಹಿಂಸಿಸಿದರು. ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಸ್ನೇಹಲತಾ ರೆಡ್ಡಿಯವರನ್ನು ಕನ್ನಡಿಗರು 'ಸಂಸ್ಕಾರ' (1970) ಚಿತ್ರದ ಚಂದ್ರಿಯಾಗಿ ಬಲ್ಲರು. ಅಗ್ರಹಾರದ ಕಥೆಗೆ ಜೀವ ತುಂಬಿದ ಆ ಕಲಾವಿದೆ 1976ರ ಮೇ ತಿಂಗಳಲ್ಲಿ ಬಂಧನಕ್ಕೊಳಗಾಗಿ, ಉಬ್ಬಸದಿಂದ ನರಳುತ್ತ ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಕಳೆದರು. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಇವರಾರೂ ಚರ್ಚಿನ ಪರವಾಗಿ ಹೋರಾಡಿದವರಲ್ಲ. ಎಲ್ಲರ ಸ್ವಾತಂತ್ರ್ಯಕ್ಕಾಗಿ ಎಲ್ಲರೊಂದಿಗೆ ನಿಲ್ಲಬೇಕೆಂದು ಮಿಲ್ಲರ್ಸ್ ರಸ್ತೆಯಲ್ಲಿ ಬರೆದದ್ದನ್ನು ಇವರು ಬಾಳಿ ತೋರಿಸಿದರು.

ಇನ್ನೊಂದು ಪರೀಕ್ಷೆ ಮನೆಯೊಳಗಿನದು. ಜನರ ಭಾಷೆಯಲ್ಲಿ ಪೂಜೆ ಎಂದಾಗ ಬೆಂಗಳೂರಿನಲ್ಲಿ ಎದ್ದ ಪ್ರಶ್ನೆ, ಯಾವ ಜನರ ಯಾವ ಭಾಷೆ ಎಂಬುದು. ದಂಡಿನ ದೇವಾಲಯಗಳಲ್ಲಿ ತಮಿಳು, ಇಂಗ್ಲಿಷ್ ಬೇರೂರಿದ್ದವು. ಸುತ್ತಲಿನ ಹಳ್ಳಿಗಳ ಕನ್ನಡ ಕ್ರೈಸ್ತರು ತಮ್ಮ ನಾಡಿನ ರಾಜಧಾನಿಯಲ್ಲೇ ತಮ್ಮ ನುಡಿಗೆ ಜಾಗವಿಲ್ಲವೆಂದು ನೊಂದರು. 1982ರ ಗೋಕಾಕ್ ಚಳವಳಿಯ ನಂತರ ಆ ದನಿ ಮತ್ತಷ್ಟು ಗಟ್ಟಿಯಾಯಿತು. ಇತ್ತ ನೂರೈವತ್ತು ವರ್ಷಗಳಿಂದ ಇಲ್ಲೇ ದುಡಿದ ತಮಿಳು ಕೂಲಿಕಾರನ ಮೊಮ್ಮಕ್ಕಳೂ ಇದೇ ಊರಿನವರು. ಈ ಜಗಳ ದೇವಾಲಯದ ಅಂಗಳದಿಂದ ಬೀದಿಗೂ ಬಂತು. ನೆಲದ ಸಂಸ್ಕೃತಿಯನ್ನು ಅಪ್ಪಿಕೊಳ್ಳಬೇಕೆಂದು ಹೇಳುವುದು ಸುಲಭ. ಅದೇ ನೆಲದಲ್ಲಿ ಇಬ್ಬರಿಗೂ ಹಕ್ಕಿರುವಾಗ ಹಂಚಿಕೊಳ್ಳುವುದು ಕಷ್ಟ. ಕನ್ನಡಕ್ಕೆ ನಾಡಿನ ಭಾಷೆಯಾಗಿ ಮೊದಲ ಗೌರವ, ಉಳಿದ ಭಾಷೆಗಳವರಿಗೂ ಪ್ರಾರ್ಥನೆಯ ಜಾಗ ಎಂಬ ಹೊಂದಾಣಿಕೆಯನ್ನು ಪ್ರತಿ ತಲೆಮಾರೂ ಹೊಸದಾಗಿ ಕಂಡುಕೊಳ್ಳಬೇಕಾಗಿದೆ.

ಈ ಇತಿಹಾಸದ ಬೆಳಕಿನಲ್ಲಿ ಮೆಟ್ರೊ ನಿಲ್ದಾಣದ ಹೆಸರಿನ ವಿವಾದವನ್ನು ನೋಡಿದರೆ, ಹೆಸರು ಸಿಗುವುದೇ ಗೆಲುವಲ್ಲ, ಸಿಗದಿರುವುದೇ ಸೋಲಲ್ಲ ಎಂಬುದು ತಿಳಿಯುತ್ತದೆ. ದೇವನಂದನ್, ಥಾಮಸ್, ನಿರ್ಮಲ್ ಕೇಳಿದ ಪ್ರಶ್ನೆ ಬೇರೆಯದೇ ಆಗಿತ್ತು: ಸಮುದಾಯಕ್ಕೆ ಏನು ಸಿಕ್ಕಿತು ಎನ್ನುವುದಕ್ಕಿಂತ, ಊರಿನ ಕಟ್ಟಕಡೆಯವನಿಗೆ ಏನು ಸಿಕ್ಕಿತು? ಯಾವ ಮತದವರಿಗೂ ಈ ಪ್ರಶ್ನೆ ಹೊರತಲ್ಲ. ಸೆಪ್ಟೆಂಬರ್‌ನಲ್ಲಿ ಶಿವಾಜಿನಗರದ ಬೀದಿಗೆ ತೇರು ಬರುವಾಗ ಹರಕೆ ಹೊತ್ತು ನಿಂತವರಲ್ಲಿ ಆ ಕಟ್ಟಕಡೆಯವರೇ ಹೆಚ್ಚು. ಅಲ್ಲಿ ಯಾರೂ ಪಕ್ಕದವರ ಜಾತಿ, ಭಾಷೆ ಕೇಳುವುದಿಲ್ಲ.