ಸುಳಿ, ವಂಶ, ಸಂತತಿ: ಬೀಜದ ಕುದುರೆಯ ಪರೀಕ್ಷೆಯ ಚರಿತ್ರೆ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಸಿರಾದ ನವಾಬನ ಸೇವೆಯಲ್ಲಿದ್ದ ಅವನ ತಂದೆ ಫತೇ ಮಹಮ್ಮದನಿಗೆ ಈ ಊರು ಜಹಗೀರಾಗಿ ಬಂದಿತ್ತು. ಅವನ ಸಮಾಧಿ ಕೋಲಾರದಲ್ಲಿದೆ. ಇದೇ ತಾಲ್ಲೂಕಿಗೆ ತಾಗಿಕೊಂಡಿರುವುದು ಕೋಲಾರ ಚಿನ್ನದ ಗಣಿ ಪ್ರದೇಶ. ಕುದುರೆಯ ಬೆನ್ನೇರಿ ರಾಜ್ಯ ಕಟ್ಟಿದವನ ಊರೂ ನೆಲದಾಳದಿಂದ ಬಂಗಾರ ತೆಗೆದ ಊರೂ ಹೀಗೆ ನೆರೆಹೊರೆಯಾಗಿವೆ. ಕುದುರೆ ಸಾಕುವವನಿಗೂ ಗಣಿ ತೋಡುವವನಿಗೂ ಎದುರಾಗುವ ಪ್ರಶ್ನೆ ಒಂದೇ: ಒಳಗಿರುವುದನ್ನು ಹೊರಗಿನಿಂದ ಅಳೆಯುವುದು ಹೇಗೆ? ಕನ್ನಡ ನಾಡು ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ.

ಮೊದಲ ಉತ್ತರ ಲಕ್ಷಣಶಾಸ್ತ್ರದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣವೂ ವಾಜಿವಾಹ್ಯಾಳಿಯ ವಿನೋದವೂ ನಿರೂಪಿತವಾಗಿವೆ. ಸುಮಾರು 1400ರಲ್ಲಿದ್ದ ಅಭಿನವಚಂದ್ರನ ‘ಅಶ್ವವೈದ್ಯ’, ಹದಿನೇಳನೆಯ ಶತಮಾನದ ಪದ್ಮಣಪಂಡಿತನ ‘ಹಯಸಾರಸಮುಚ್ಚಯ’ ಕನ್ನಡದಲ್ಲಿ ಈ ಶಾಸ್ತ್ರವನ್ನು ಮುಂದುವರಿಸಿದ ಕೃತಿಗಳು. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದ ಈ ಪರಂಪರೆಯಲ್ಲಿ ಪರೀಕ್ಷಕನು ನೋಡುವುದು ಬಣ್ಣ, ಹಲ್ಲು, ಗೊರಸು, ನಡೆ, ಹುಟ್ಟಿದ ದೇಶ, ಎಲ್ಲಕ್ಕಿಂತ ಹೆಚ್ಚಾಗಿ ಮೈಮೇಲಿನ ಸುಳಿ. ಇಂಥ ಜಾಗದ ಸುಳಿ ಒಡೆಯನಿಗೆ ಶುಭ, ಇಂಥದು ಕೇಡು ಎಂಬ ವಿಂಗಡಣೆ ಸೂಕ್ಷ್ಮವಾಗಿ ಬೆಳೆಯಿತು. ನಾಲ್ಕು ಕಾಲೂ ಮುಖವೂ ಬೆಳ್ಳಗಿದ್ದರೆ ಅದು ಪಂಚಕಲ್ಯಾಣಿ.

ಇದನ್ನೆಲ್ಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಸರಿಯಲ್ಲ. ಗೊರಸಿನ ಗಟ್ಟಿತನ, ಎದೆಯ ಹರವು, ಕಾಲಿನ ನೇರ, ಹಲ್ಲಿನಿಂದ ತಿಳಿಯುವ ವಯಸ್ಸು ಇಂದಿಗೂ ಪರೀಕ್ಷೆಯ ಅಂಗಗಳೇ. ಶಾಸ್ತ್ರದ ಮಿತಿ ಇದ್ದುದು ಬೇರೆ ಕಡೆ. ಅದು ಕೊಳ್ಳುವವನ ಶಾಸ್ತ್ರವಾಗಿತ್ತು. ಕಣ್ಣೆದುರಿನ ಕುದುರೆ ತನಗೆ ತಕ್ಕುದೇ ಎಂಬುದು ಅದರ ಮುಖ್ಯ ಪ್ರಶ್ನೆಯಾಗಿತ್ತು. ಅದರ ಮರಿ ಹೇಗಿದ್ದೀತು ಎಂಬುದು ಹಿಂದೆ ಉಳಿಯಿತು.

ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. ದಕ್ಷಿಣದ ರಾಜ್ಯಗಳು ಒಳ್ಳೆಯ ಕುದುರೆಗಳನ್ನು ಬೆಳೆಸುವುದಕ್ಕಿಂತ ತರಿಸಿಕೊಂಡದ್ದೇ ಹೆಚ್ಚು. ವಿಜಯನಗರದ ಅರಸನು ವರ್ಷಕ್ಕೆ ಹದಿಮೂರು ಸಾವಿರ ಹೊರ್ಮುಜ್ ಕುದುರೆಗಳನ್ನೂ ನಾಡಕುದುರೆಗಳನ್ನೂ ಕೊಂಡು, ಉತ್ತಮವಾದವನ್ನು ತನ್ನ ಲಾಯಕ್ಕೆ ಆರಿಸಿಕೊಂಡು ಉಳಿದವನ್ನು ನಾಯಕರಿಗೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ದಾಖಲಿಸಿದ್ದಾನೆ. ಸಾಳುವ ನರಸಿಂಹನಂತೂ ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಕೊಡುತ್ತಿದ್ದನಂತೆ. ಉತ್ತಮವಾದುದು ಕಡಲಾಚೆಯಿಂದ ಬರುತ್ತಿರುವಾಗ ತಳಿಯ ಚಿಂತೆ ಹಿಂದೆ ಸರಿಯುವುದು ಸಹಜ.

ಆ ಚಿಂತೆ ಮೈಸೂರಿನಲ್ಲಿ ಸಾಂಸ್ಥಿಕ ರೂಪ ಪಡೆಯಿತು. 1769ರಲ್ಲಿ ಹೈದರನು ಸುಮಾರು ಆರು ಸಾವಿರ ಸವಾರರೊಡನೆ ಮಿಂಚಿನಂತೆ ಮದರಾಸಿನ ಬಾಗಿಲಿಗೆ ಬಂದು ಕಂಪನಿಯವರನ್ನು ಸಂಧಿಗೆ ಒಪ್ಪಿಸಿದನು. ಅಂಥ ದಂಡಿಗೆ ಬೇಕಾದದ್ದು ದೂರ ಓಡುವ, ಸಿಕ್ಕಿದ್ದನ್ನು ಮೇಯುವ, ಬಿಸಿಲಿಗೆ ಬಾಡದ ಕುದುರೆ. ಟಿಪ್ಪುವಿನ ಕಾಲದಲ್ಲಿ, ಸುಮಾರು 1790ರಲ್ಲಿ, ಕುಣಿಗಲ್‌ನಲ್ಲಿ ಕುದುರೆ ಬೆಳೆಸುವ ನೆಲೆ ಸ್ಥಾಪಿತವಾಯಿತು. 1799ರ ಅನಂತರವೂ ಅದು ಉಳಿದು, ಮೈಸೂರಿನ ಸಿಲ್ಲೇದಾರ ಅಶ್ವಪಡೆಗೆ ಕುದುರೆ ಒದಗಿಸಿತು.

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆಯ ಉತ್ತರ ರೂಪುಗೊಳ್ಳುತ್ತಿತ್ತು. 1791ರಲ್ಲಿ ಪ್ರಕಟವಾದ ವಂಶಾವಳಿ ಗ್ರಂಥವು ಥರೋಬ್ರೆಡ್ ಪಂದ್ಯದ ಕುದುರೆಗಳ ತಂದೆತಾಯಿಗಳನ್ನು ದಾಖಲಿಸತೊಡಗಿತು. ಇಂದಿನ ಎಲ್ಲ ಥರೋಬ್ರೆಡ್‌ಗಳ ಗಂಡುಸಾಲೂ ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಹೋದ ಮೂರು ಕುದುರೆಗಳಿಗೆ ಮುಟ್ಟುತ್ತದೆ. ಸುಳಿಯ ಜಾಗಕ್ಕೆ ವಂಶ ಬಂದಿತು. ವಂಶದ ಜೊತೆಗೆ ಪಂದ್ಯದ ಫಲಿತಾಂಶ ಬಂದಿತು. ಕಾಲಾಂತರದಲ್ಲಿ ಕುಣಿಗಲ್ ಕೂಡ ದಂಡಿನ ಕುದುರೆಯನ್ನು ಬಿಟ್ಟು ಪಂದ್ಯದ ಕುದುರೆಗೆ ತಿರುಗಿತು.

ಆದರೆ ವಂಶವೂ ಕೊನೆಯ ಮಾತಲ್ಲ. ಹತ್ತನೆಯ ಶತಮಾನದ ಜೈನಾಚಾರ್ಯ ಸೋಮದೇವಸೂರಿ ‘ನೀತಿವಾಕ್ಯಾಮೃತ’ದಲ್ಲಿ ಆನೆಗಳ ವಿಷಯವಾಗಿ, ಜಾತಿ ಕುಲಗಳಿಗಿಂತ ಶರೀರ, ಬಲ, ಶೌರ್ಯ, ಶಿಕ್ಷಣಗಳೇ ಮುಖ್ಯವೆಂಬ ಅಭಿಪ್ರಾಯ ತಾಳಿದ್ದನು. ಪಂದ್ಯದ ಲೋಕ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಗಂಡಿನ ಸ್ವಂತ ಶೌರ್ಯವೂ ಸಾಲದೆಂದು ಕಂಡುಕೊಂಡಿತು. ಅಮೆರಿಕದ ‘ಮಿಸ್ಟರ್ ಪ್ರಾಸ್ಪೆಕ್ಟರ್’ ಇದಕ್ಕೆ ನಿದರ್ಶನ. ಹೆಸರಿನ ಅರ್ಥ ಚಿನ್ನ ಅರಸುವವನು ಎಂದು. 1971ರ ಹರಾಜಿನಲ್ಲಿ 2,20,000 ಡಾಲರಿಗೆ ಮಾರಾಟವಾದ ಈ ಕುದುರೆ ವೇಗಿಯಾಗಿದ್ದರೂ ಅಗ್ರ ದರ್ಜೆಯ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಫ್ಲಾರಿಡಾದಲ್ಲಿ ಹುಟ್ಟಿದ ಅದರ ಮೊದಲ ಮರಿಗಳು ಗೆಲ್ಲತೊಡಗಿದ ಮೇಲೆ ಅದನ್ನು ಕೆಂಟಕಿಗೆ ಕರೆದೊಯ್ಯಲಾಯಿತು. 1987, 1988ರಲ್ಲಿ ಅದು ಉತ್ತರ ಅಮೆರಿಕದ ಅಗ್ರ ಬೀಜದ ಕುದುರೆಯಾಯಿತು. ಅದರ ಮರಿ ‘ಪ್ಲೇಸರ್‌ವಿಲ್’ 1993ರಲ್ಲಿ ಇಂಗ್ಲೆಂಡಿನ ಪ್ರಿನ್ಸ್ ಆಫ್ ವೇಲ್ಸ್ ಪಂದ್ಯವನ್ನು ಗೆದ್ದು, ಮುಂದೆ ಕುಣಿಗಲ್‌ನಲ್ಲಿ ಬೀಜದ ಕುದುರೆಯಾಗಿ ನೆಲೆಸಿತು. ಪ್ಲೇಸರ್‌ವಿಲ್ ಎಂಬುದು ಕ್ಯಾಲಿಫೋರ್ನಿಯದ ಚಿನ್ನದ ಊರೊಂದರ ಹೆಸರು.

ಇಂದು ಸಂತತಿಯ ಪರೀಕ್ಷೆ ಅಂಕಿಗಳಲ್ಲಿ ನಡೆಯುತ್ತದೆ. ಒಂದು ಬೀಜದ ಕುದುರೆಯ ಮರಿಗಳ ಸರಾಸರಿ ಗಳಿಕೆಯನ್ನು ಇಡೀ ತಳಿಯ ಸರಾಸರಿಯೊಡನೆ ಹೋಲಿಸಿ, ಸಮವಾಗಿದ್ದರೆ 1.00 ಎನ್ನುತ್ತಾರೆ. ಆದರೆ ಹೆಸರಾದ ಗಂಡಿಗೆ ಶ್ರೇಷ್ಠ ಹೆಣ್ಣುಕುದುರೆಗಳೇ ದೊರೆಯುತ್ತವೆ, ಗೆಲುವು ಯಾರದು? ಆದುದರಿಂದ ಅವೇ ಹೆಣ್ಣುಗಳು ಬೇರೆ ಗಂಡುಗಳಿಂದ ಪಡೆದ ಮರಿಗಳ ಗಳಿಕೆಯನ್ನೂ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ, ಮೊದಲ ಸಂಖ್ಯೆ 2.00, ಎರಡನೆಯದು 1.50 ಆಗಿದ್ದರೆ ಆ ಗಂಡು ತನ್ನ ಹೆಣ್ಣುಗಳ ಮಟ್ಟವನ್ನು ಏರಿಸಿದೆ, 2.00ಕ್ಕೆ ಎದುರಾಗಿ 2.50 ಇದ್ದರೆ ಕೀರ್ತಿ ಹೆಣ್ಣುಗಳಿಗೆ ಸಲ್ಲಬೇಕು. ಗರ್ಭದ ಹನ್ನೊಂದು ತಿಂಗಳು, ಮರಿ ಓಟಕ್ಕಿಳಿಯುವ ಎರಡು ವರ್ಷ ಕೂಡಿದರೆ ಈ ಸಾಕ್ಷ್ಯ ದೊರೆಯುವಷ್ಟರಲ್ಲಿ ಮೂರು ವರ್ಷಗಳಾದರೂ ಕಳೆದಿರುತ್ತವೆ. ಅಲ್ಲಿಯವರೆಗೆ ಪರೀಕ್ಷಕನಿಗೆ ಆಧಾರ ಹಳೆಯ ಎರಡೇ: ಮೈಕಟ್ಟು ಮತ್ತು ವಂಶ.

ಚಿನ್ನದ ಗಣಿಯ ಚರಿತ್ರೆಯೂ ಇದೇ ದಾರಿಯಲ್ಲಿ ನಡೆದಿದೆ. 1802ರಲ್ಲಿ ಮೈಸೂರಿನ ಮೋಜಣಿಯಲ್ಲಿ ತೊಡಗಿದ್ದ ಲೆಫ್ಟಿನೆಂಟ್ ವಾರೆನ್‌ನ ಮುಂದೆ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತಂದು ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ನೋಡಲು ಅದು ಬರಿಯ ಮಣ್ಣು. ತೊಳೆದಾಗ ಮಾತ್ರ ಬೆಲೆ ತಿಳಿಯಿತು. 1880ರಿಂದ ಜಾನ್ ಟೇಲರ್ ಕಂಪನಿ ಬಂದ ಮೇಲೆ ಅದಿರನ್ನು ಪುಡಿಮಾಡಿ, ಕುಲುಮೆಯಲ್ಲಿ ಕರಗಿಸಿ, ಒಂದು ಟನ್ನಿಗೆ ಎಷ್ಟು ಚಿನ್ನ ಎಂಬ ಲೆಕ್ಕವೇ ಪ್ರಮಾಣವಾಯಿತು. ಆ ಲೆಕ್ಕ ಇಳಿಯುತ್ತ ಹೋಗಿ, ತೆಗೆಯುವ ಖರ್ಚು ದೊರೆಯುವ ಚಿನ್ನವನ್ನು ಮೀರಿದಾಗ, 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಲೆಕ್ಕ ತಪ್ಪಿರಲಿಲ್ಲ, ಆದರೆ ತಲೆಮಾರುಗಳಿಂದ ಸುರಂಗಕ್ಕಿಳಿದವರ ಕೈಚಳಕವನ್ನು ಅಳೆಯುವ ಕಾಲಮು ಆ ಲೆಕ್ಕದಲ್ಲಿ ಇರಲಿಲ್ಲ.

ಕುದುರೆಯ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಮೈಸೂರಿನ ಅರಸರು ಪೋಷಿಸಿದ ಅಮೃತಮಹಲ್ ದನಗಳು ಇಂದಿಗೂ ಮಾನ್ಯ ತಳಿಯಾಗಿ ಉಳಿದಿವೆ. ಅವುಗಳ ಗುರುತು, ದಾಖಲೆ, ಬೀಜದ ಹೋರಿಯ ಆಯ್ಕೆ ಇಂದಿಗೂ ನಡೆಯುತ್ತಿವೆ. ಭೀಮಾ ತೀರದ ಭೀಮಥಡಿ ಕುದುರೆ ಇತ್ತೀಚೆಗೆ ಮಹಾರಾಷ್ಟ್ರದ ತಳಿಯಾಗಿ ಮನ್ನಣೆ ಪಡೆಯಿತು. ಮದರಾಸಿನವರೆಗೆ ಓಡಿದ ಮೈಸೂರಿನ ದಂಡಿನ ಕುದುರೆಗೆ ಮಾತ್ರ ಹೆಸರಿನ ತಳಿಯೊಂದು ಉಳಿದಿಲ್ಲ. ಅದು ಸೋತು ಅಳಿದದ್ದಲ್ಲ. ಅದರ ಗುಣವನ್ನು ಅಳೆಯುವ ಅಗತ್ಯ ತೀರಿದಾಗ ಅದನ್ನು ಆರಿಸುವವರೂ ಇಲ್ಲವಾದರು. ಪಂದ್ಯದ ಗಳಿಕೆ ಮೈಲಿಯ ವೇಗವನ್ನು ತೂಗುತ್ತದೆ. ಬರಗಾಲದ ಹುಲ್ಲಿನಲ್ಲಿ ಬದುಕುವ ಗುಣವನ್ನು ತೂಗುವುದಿಲ್ಲ.

ಸುಳಿಗಿಂತ ಸಂತತಿ ಉತ್ತಮ ಸಾಕ್ಷಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒರೆಗಲ್ಲು ಯಾವುದನ್ನು ತೋರಿಸುತ್ತದೆಯೋ ಲಾಯದಲ್ಲಿ ಉಳಿಯುವುದೂ ಅದೇ. ಅಶ್ವಶಾಸ್ತ್ರದ ಕನ್ನಡ ಕೃತಿಗಳನ್ನು ಓದುವ ಸಂಶೋಧಕನಿಗೆ ಅಲ್ಲಿನ ಶುಭಾಶುಭ ಫಲಗಳಿಗಿಂತ ಗೊರಸು, ನಡೆ, ಸ್ವಭಾವಗಳ ವಿವರಣೆಗಳು ಮುಖ್ಯವಾಗಬೇಕಾದದ್ದು ಇದರಿಂದಲೇ. ಈ ನಾಡು ಒಂದು ಕಾಲದಲ್ಲಿ ಕುದುರೆಯಿಂದ ಏನನ್ನು ಬಯಸಿತ್ತು ಎಂಬುದಕ್ಕೆ ಉಳಿದಿರುವ ದಾಖಲೆಗಳಲ್ಲಿ ಅವೂ ಸೇರಿವೆ.