ಚಾವಡಿಯಿಂದ ಪುರಭವನಕ್ಕೆ

ಘಟಪ್ರಭೆಯ ಸೀಮೆಯಲ್ಲಿ ಊರಿಗೆ ಸೇರಿದ ಕಟ್ಟಡವೆಂದರೆ ಗುಡಿಯ ತರುವಾಯ ನೆನಪಾಗುವುದು ಚಾವಡಿ. ಗೋಕಾಕವಿರಲಿ, ಹುಕ್ಕೇರಿಯಿರಲಿ, ಮೂಡಲಗಿಯಿರಲಿ, ಸುತ್ತಣ ಹಳ್ಳಿಗಳ ಮಾತಂತೂ ಸರಿಯೇ, ಈ ಕಟ್ಟಡದ ವಿನ್ಯಾಸ ಬಹುಮಟ್ಟಿಗೆ ಒಂದೇ: ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಕಂಬ, ಕಂಬದಾಚೆ ಬೀದಿ. ಒಳಗಿನ ಸಾಮಾನೂ ಅಷ್ಟೇ ಮಿತವಾದುದು. ಒಂದು ಜಮಖಾನೆ, ಗೌಡನ ಬೆನ್ನಿಗೊಂದು ಲೋಡು, ಕುಲಕರ್ಣಿಯ ಮುಂದೊಂದು ಗಿಡ್ಡ ಮೇಜು, ಬಟ್ಟೆಯಲ್ಲಿ ಕಟ್ಟಿದ ದಪ್ತರ. ಬೀದಿಯಲ್ಲಿ ಹೋಗುವವನ ಕಿವಿಗೂ ಒಳಗಿನ ಮಾತು ಬೀಳುತ್ತಿತ್ತು. ಇದನ್ನು ನೆನೆದು ಹಳೆಯ ಕಾಲವನ್ನು ಹೊಗಳುವವರುಂಟು. ನಾನು ಅಷ್ಟು ದೂರ ಹೋಗಲಾರೆ. ಕೇಳಿಸಿಕೊಳ್ಳಲು ಅಡ್ಡಿಯಿರಲಿಲ್ಲ, ನಿಜ. ಆದರೆ ಜಮಖಾನೆಯ ಮೇಲೆ ಕೂಡುವವರು ಕೆಲವರೇ. ಹೆಂಗಸರೂ ಅಸ್ಪೃಶ್ಯರೆಂದು ದೂರವಿಟ್ಟವರೂ ಅಂಗಳದಲ್ಲಿ ನಿಂತೇ ತಮ್ಮ ಅಹವಾಲು ಹೇಳಬೇಕಾಗಿತ್ತು.

1850ರ ಇಪ್ಪತ್ತಾರನೆಯ ಕಾಯಿದೆಯು, ನಿವಾಸಿಗಳು ಬಯಸಿದಲ್ಲಿ ಪಟ್ಟಣಕ್ಕೊಂದು ಪುರಸಭೆಯನ್ನು ಕೊಡಮಾಡಿತು. ಗೋಕಾಕದಲ್ಲಿ 1853ರಲ್ಲಿಯೇ ಪುರಸಭೆ ಸ್ಥಾಪಿತವಾಯಿತು. ಜಮಖಾನೆ ಹೋಗಿ ಮೇಜು ಬಂದಿತು, ಕುರ್ಚಿ ಬಂದಿತು, ಬೀದಿಯ ಕಡೆಗೆ ಬಾಗಿಲೂ ಬಂದಿತು. ಮೊದಮೊದಲ ಸದಸ್ಯರು ಸರಕಾರ ನೇಮಿಸಿದವರು. ರಿಪ್ಪನ್ನರ 1882ರ ನಿರ್ಣಯದ ತರುವಾಯವೇ ಚುನಾವಣೆಗೆ ಹಾದಿ ತೆರೆದದ್ದು. ಅಂಥ ಸಭೆಗೆ ಬೀದಿಗೆ ತೆರೆದ ಗೋಡೆ ಬೇಕಿರಲಿಲ್ಲವೆಂದೇ ನನಗೆ ತೋರುತ್ತದೆ.

ಭವನವೆಂಬ ಭವ್ಯ ಕಲ್ಪನೆ ಬೆಳೆದುದು ಮೈಸೂರಿನ ಕಡೆ. ಪ್ರಜಾಪ್ರತಿನಿಧಿ ಸಭೆಯನ್ನು 1881ರಲ್ಲಿ ಆರಂಭಿಸಿದ ದಿವಾನ್ ರಂಗಾಚಾರ್ಲು ಅವರ ಹೆಸರಿನಲ್ಲಿ 1884ರಲ್ಲಿ ಮೈಸೂರಿನ ಪುರಭವನವೆದ್ದಿತು. ಬೆಂಗಳೂರಿನದು 1935ರದು, ಅಲ್ಲಿಯ ಪುರಸಭೆಯ ಅಧ್ಯಕ್ಷರಾಗಿದ್ದ ಪುಟ್ಟಣ್ಣಚೆಟ್ಟಿ ಅವರ ಹೆಸರನ್ನು ಹೊತ್ತಿದೆ. ಅದರ ಎತ್ತರದ ಮೆಟ್ಟಿಲು, ಗ್ರೀಕ್ ಮಾದರಿಯ ಕಂಬಸಾಲು ನೋಡಲು ಚೆಲುವೇ. ಆದರೆ ನಮ್ಮ ನೆಲದಲ್ಲಿ ಕಲ್ಲುಕುಟಿಗರೇ ಇರಲಿಲ್ಲವೇ ಎಂಬ ಪ್ರಶ್ನೆ ಏಳದೆ ಇರದು. ಈ ಪ್ರಶ್ನೆಗೆ ಕೆಂಗಲ್ ಹನುಮಂತಯ್ಯನವರು ಗ್ರಾನೈಟಿನಲ್ಲೇ ಉತ್ತರ ಬರೆದರು. 1951ರಲ್ಲಿ ನೆಹರೂ ಅವರು ಶಂಕುಸ್ಥಾಪನೆ ಮಾಡಿದ ವಿಧಾನಸೌಧ 1956ರಲ್ಲಿ ಮುಗಿಯಿತು. ಸಚಿವ ಸಂಪುಟದ ಕೋಣೆಗೆ ಗಂಧದ ಬಾಗಿಲು. ಖರ್ಚಿನ ಬಗೆಗೆ ಗದ್ದಲವೂ ಕಡಿಮೆಯಾಗಲಿಲ್ಲ. ಗದ್ದಲ ಮಾಡಿದವರ ಮಾತಿನಲ್ಲಿಯೂ ಹುರುಳಿತ್ತು.

ಈಗ ಮೂಡಲಗಿಗೆ ಬರೋಣ. ಬಹುಕಾಲ ಗೋಕಾಕ ತಾಲೂಕಿನ ಆಶ್ರಯದಲ್ಲಿದ್ದ ಈ ಊರು 2018ರಿಂದ ತಾನೇ ತಾಲೂಕಿನ ಕೇಂದ್ರ. ಬೆಳೆಯುವ ಊರು ತನ್ನ ಸಭೆಗೆ ಮನೆಯನ್ನು ಯೋಚಿಸುವಾಗ ಬೆಂಗಳೂರಿನ ಕಂಬಗಳನ್ನು ನೋಡುವುದಕ್ಕಿಂತ ನೆರೆಯವರನ್ನು ನೋಡುವುದು ಲೇಸು. ಗೋಕಾಕದ ಬಳಿ ನದಿ ಧುಮುಕುವುದೇ ಮರಳುಗಲ್ಲಿನ ಬಂಡೆಯ ಮೇಲಿಂದ. ಆ ಜಲಪಾತದ ಮಗ್ಗುಲಿಗೇ ಚಾಳುಕ್ಯರ ಕಾಲದ ಕಲ್ಲುಗುಡಿಗಳಿವೆ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ಆದರೆ ಸಭಾಗೃಹಕ್ಕೆ ಗುಮ್ಮಟ ಬೇಡವೆಂದು ನನ್ನ ವಿನಂತಿ. ವಿಜಾಪುರದಲ್ಲಿ ಪಿಸುಮಾತು ಹಲವು ಸಲ ಮರುದನಿಗೊಡುವುದನ್ನು ಕೇಳಿದವರು, ಸದಸ್ಯರ ಭಾಷಣಕ್ಕೂ ಆ ಸೌಲಭ್ಯ ದೊರೆತರೆ ಏನಾದೀತೆಂದು ಊಹಿಸಬಲ್ಲರು.

ಹುಕ್ಕೇರಿಯಿಂದ ಪಡೆಯಬೇಕಾದುದು ಬೇರೆಯೇ ಇದೆ. 1969ರಲ್ಲಿ ಅಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ದೇಶದಲ್ಲಿ ಮೊದಲು ಪ್ರಯೋಗಕ್ಕೆಂದು ಆರಿಸಿದ ಐದರಲ್ಲಿ ಒಂದು. ಬೆಳಕನ್ನು ಹಂಚುವ ಸಂಸ್ಥೆಗೆ ಬಳಸುವವರೇ ಒಡೆಯರು. ತಮ್ಮದೆಂಬ ಭಾವನೆಯಿಂದ ಜನ ಒಳಗೆ ಬರುವ ಕಚೇರಿ ಹೇಗಿರಬೇಕೆಂಬುದನ್ನು ಅಲ್ಲಿ ಕೇಳಿ ತಿಳಿಯಬಹುದು.

ಇನ್ನೊಂದು ಪಾಠವನ್ನು ನದಿಯೇ ಕಲಿಸಿದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ಹಳೆಯ ಭಾಗಕ್ಕೆ ನುಗ್ಗಿದವು. ಮನೆಯ ಉತಾರ, ಜನನ ಮರಣದ ದಾಖಲೆ, ಕರದ ರಸೀದಿ ಇವು ಬಡವನ ಪಾಲಿಗೆ ಆಸ್ತಿಯೇ. ಆದುದರಿಂದ ದಪ್ತರದ ಕೋಣೆ ಮೇಲಂತಸ್ತಿನಲ್ಲಿರಲಿ. ಅಧ್ಯಕ್ಷರ ಕೊಠಡಿ ಕೆಳಗಿದ್ದರೆ ನಷ್ಟವಿಲ್ಲ, ಅವರಿಗೆ ಕಾಲುಗಳಿವೆ.

ಪೀಠೋಪಕರಣದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಸಂವಿಧಾನದ ಎಪ್ಪತ್ತನಾಲ್ಕನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಂದಿನಿಂದ ಪುರಸಭೆಯ ಸ್ಥಾನಗಳಲ್ಲಿ ಮೂರರಲ್ಲೊಂದಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿಗೆ ಮೀಸಲು. ಪರಿಶಿಷ್ಟರಿಗೂ ಜನಸಂಖ್ಯೆಯ ಪ್ರಮಾಣದಲ್ಲಿ ಪಾಲುಂಟು. ಅಂಗಳದಲ್ಲಿ ನಿಂತವರ ಮೊಮ್ಮಕ್ಕಳಿಗೆ ಹಿಂದಿನ ಸಾಲಿನ ಕುರ್ಚಿ ಸಲ್ಲದು. ಮೇಜು ಅರ್ಧಚಂದ್ರಾಕಾರವಾಗಿರಲಿ, ಕುರ್ಚಿಗಳೆಲ್ಲ ಒಂದೇ ಎತ್ತರದವಾಗಿರಲಿ, ಅಧ್ಯಕ್ಷರದೂ ಸೇರಿ. ಎದುರಿಗೆ ಜನ ಕುಳಿತು ಕೇಳುವ ಬೆಂಚುಗಳು ಬೇಕು. ಕಪಾಟುಗಳಲ್ಲಿ ಹಾರದ ಬದಲು ಗೋಕಾಕದ ಬಣ್ಣದ ಮರದ ಗೊಂಬೆಗಳಿದ್ದರೆ ಆ ಕುಶಲಿಗರಿಗೂ ನಾಲ್ಕು ಕಾಸು ಸಿಕ್ಕೀತು.

ಹೊರಗೆ, ಸೂರಿನಡಿಯಲ್ಲಿ, ಚಾವಡಿಯ ಹಳೆಯ ಕಟ್ಟೆಯಂಥದೊಂದು ಇರಲಿ. ಸಂತೆಯ ದಿನ ಅರ್ಜಿ ಹಿಡಿದು ಬಂದ ಮುದುಕಿ ಸರದಿ ಬರುವವರೆಗೆ ಅಲ್ಲಿ ಕೂಡಲಿ, ಕುಡಿಯಲು ನೀರು ಕೈಗೆಟಕುವಂತಿರಲಿ.